ತೋಟ ಮಾರಿ ಅಪ್ಪನಿಗೆ ಆ ಇಂಜೆಕ್ಷನ್ ಕೊಡಿಸಬೇಕಾ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪನಿಗೆ 67 ವರ್ಷ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿ ಇದೆ. ಕಳೆದ ವರ್ಷ ಕೆನ್ನೆಯ ಒಳಗೆ ಕ್ಯಾನ್ಸರ್ ಅಂತ ಆಪರೇಷನ್ ಆಯಿತು. ಆಮೇಲೆ ರೇಡಿಯೇಷನ್, ಜೊತೆಗೆ ಸಿಸ್‌ಪ್ಲಾಟಿನ್ ಕೀಮೋ. ಅದೆಲ್ಲ ಮುಗಿದು ಐದು ತಿಂಗಳಿಗೆ ಕುತ್ತಿಗೆಯಲ್ಲಿ ಮತ್ತೆ ಗಂಟು ಬಂದಿದೆ, ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲೂ ಗಂಟುಗಳಿವೆ. ಮಂಗಳೂರಿನ ಆಸ್ಪತ್ರೆಯಲ್ಲಿ ನಿವೊಲುಮ್ಯಾಬ್ ಅನ್ನುವ ಇಮ್ಯುನೊಥೆರಪಿಯನ್ನು ಎರಡು ವಾರಕ್ಕೊಮ್ಮೆ ಕೊಡಬೇಕು ಅಂದರು. ತಿಂಗಳಿಗೆ ಎರಡು ಲಕ್ಷದ ಮೇಲೆ ಬೀಳುತ್ತದಂತೆ. ಬೆಂಗಳೂರಿನಲ್ಲಿರುವ ತಮ್ಮ ತೋಟ ಮಾರೋಣ ಅಂತಾನೆ. ಇರುವುದು ಒಂದೂವರೆ ಎಕರೆ ಅಡಿಕೆ ತೋಟ, ಆಯಿಯ (ಅಮ್ಮನ) ಮುಂದಿನ ಬದುಕು ಅದರ ಮೇಲೇ. ದೊಡ್ಡಪ್ಪ ನಾಟಿ ಔಷಧಿ ಮಾಡಿಸಿ ಅಂತಾರೆ. ಕಿಡ್ನಿ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.7 ಇದೆ. ಅಪ್ಪನಿಗೆ ಕ್ಯಾನ್ಸರ್ ಮರಳಿದ್ದು ಹೇಳಿಲ್ಲ, ಗಂಟಲಿನ ಇನ್ಫೆಕ್ಷನ್ ಅಂದಿದ್ದೇವೆ. ಈಗಲೂ ಬೆಳಿಗ್ಗೆ ತೋಟಕ್ಕೆ ಇಳಿದು ಬರುತ್ತಾರೆ. ತೋಟ ಮಾರದಿದ್ದರೆ ನಾವು ಅಪ್ಪನನ್ನು ಕೈಬಿಟ್ಟಂತೆ ಆಗುತ್ತದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಇಲ್ಲ, ಆಗುವುದಿಲ್ಲ. ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ. ಮುಂದಿನ ಲೆಕ್ಕ ನೋಡಿದ ಮೇಲೆ ನಿಮಗೇ ಗೊತ್ತಾಗುತ್ತದೆ. ಸದ್ಯಕ್ಕೆ ತಮ್ಮನಿಗೆ ಇಷ್ಟು ಹೇಳಿ: ತೋಟದ ಮಾತು ಈಗ ಬೇಡ, ಅಡ್ವಾನ್ಸ್ ಅಂತ ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳಬೇಡ. ಒಂದೆರಡು ವಾರ ಯೋಚಿಸಿ ಟ್ರೀಟ್‌ಮೆಂಟ್ ಶುರು ಮಾಡಿದರೆ ಸಾಮಾನ್ಯವಾಗಿ ಈ ಹಂತದಲ್ಲಿ ಏನೂ ಕೈತಪ್ಪುವುದಿಲ್ಲ. ಮಾರಿದ ತೋಟ ಮಾತ್ರ ವಾಪಸ್ ಬರುವುದಿಲ್ಲ.

ಡಾಕ್ಟರ ಹತ್ತಿರ ಮೊದಲು ಕೇಳಬೇಕಾದದ್ದು ಖರ್ಚು ಎಷ್ಟು ಅಂತಲ್ಲ. ಈ ಟ್ರೀಟ್‌ಮೆಂಟ್ ಕಾಯಿಲೆಯನ್ನು ಗುಣ ಮಾಡುವುದಕ್ಕಾ, ಅಥವಾ ಹಿಡಿದಿಟ್ಟುಕೊಳ್ಳುವುದಕ್ಕಾ? ಇದೊಂದು ಪ್ರಶ್ನೆಯಿಂದ ಉಳಿದದ್ದೆಲ್ಲ ಬದಲಾಗುತ್ತದೆ. ಕಳೆದ ವರ್ಷದ ಆಪರೇಷನ್ ಗುಣ ಮಾಡುವುದಕ್ಕೆ ಮಾಡಿದ್ದು. ಅದಕ್ಕೆ ಸಾಲ ಮಾಡಿದ್ದರೂ ನಾನು ಸರಿ ಅನ್ನುತ್ತಿದ್ದೆ. ಈಗ ಶ್ವಾಸಕೋಶದಲ್ಲಿರುವುದು ಕ್ಯಾನ್ಸರೇ ಆಗಿದ್ದರೆ, ಇನ್ನು ಮುಂದಿನದು ಹಿಡಿದಿಟ್ಟುಕೊಳ್ಳುವ ಟ್ರೀಟ್‌ಮೆಂಟ್. 'ಆಗಿದ್ದರೆ' ಅಂತ ಬೇಕಂತಲೇ ಬರೆದೆ. ನಮ್ಮ ಕಡೆ ಟಿಬಿಯೂ ಶ್ವಾಸಕೋಶದಲ್ಲಿ ಗಂಟು ಮಾಡುತ್ತದೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಜಾಸ್ತಿ. ಅದು ಕ್ಯಾನ್ಸರ್ ಅಂತ ಖಚಿತವಾ, ಸಂಶಯ ಇದ್ದರೆ ಸೂಜಿ ಹಾಕಿ ಪರೀಕ್ಷೆ ಮಾಡಬಹುದಾ ಅಂತ ಕೇಳಿ. ಗಂಟು ಕುತ್ತಿಗೆಯಲ್ಲಿ ಮಾತ್ರ ಇದೆ ಅಂತಾದರೆ ಮತ್ತೆ ಆಪರೇಷನ್ ಆಗುತ್ತದಾ ಅನ್ನುವ ಪ್ರಶ್ನೆ ಬರುತ್ತದೆ, ಆಗ ಈ ಉತ್ತರವೇ ಬೇರೆಯಾಗುತ್ತದೆ.

ಈಗ ನಿವೊಲುಮ್ಯಾಬ್ ವಿಷಯ. ಮೈಯ ರೋಗನಿರೋಧಕ ಶಕ್ತಿಯೇ ಕ್ಯಾನ್ಸರಿನ ಮೇಲೆ ಹೋರಾಡುವ ಹಾಗೆ ಮಾಡುವ ಇಂಜೆಕ್ಷನ್ ಅದು. ಮೋಸದ ಔಷಧಿ ಅಲ್ಲ, ಒಳ್ಳೆಯ ಔಷಧಿ. ನಿಮ್ಮ ಅಪ್ಪನ ಹಾಗೆ, ಸಿಸ್‌ಪ್ಲಾಟಿನ್ ಗುಂಪಿನ ಔಷಧಿ ಕೊಟ್ಟು ಆರು ತಿಂಗಳೊಳಗೆ ಬಾಯಿ, ಗಂಟಲಿನ ಕ್ಯಾನ್ಸರ್ ಮರಳಿದವರಲ್ಲೇ ಇದನ್ನು ಪರೀಕ್ಷಿಸಿದ್ದಾರೆ. ಚೆಕ್‌ಮೇಟ್ 141 ಅಂತ ಆ ಅಧ್ಯಯನದ ಹೆಸರು. 2016ರಲ್ಲಿ ಪ್ರಕಟವಾಯಿತು, 361 ರೋಗಿಗಳಿದ್ದರು. ಸಾವಿನ ಅಪಾಯ ಶೇ. 30ರಷ್ಟು ಕಡಿಮೆಯಾಯಿತು ಅಂತ ಅದರ ಫಲಿತಾಂಶ. ಕೇಳಿದರೆ ಯಾರಿಗಾದರೂ ತೋಟ ಮಾರೋಣ ಅನ್ನಿಸುತ್ತದೆ ಅಲ್ವಾ? ಅದೇ ಫಲಿತಾಂಶವನ್ನು ತಿಂಗಳಿನಲ್ಲಿ ಹೇಳಿದರೆ ಹೀಗಿದೆ: ಹಳೆಯ ಔಷಧಿ ತೆಗೆದುಕೊಂಡವರು ಸರಿಸುಮಾರು ಮಧ್ಯದ ಲೆಕ್ಕದಲ್ಲಿ 5.1 ತಿಂಗಳು ಬದುಕಿದರು, ನಿವೊಲುಮ್ಯಾಬ್ ತೆಗೆದುಕೊಂಡವರು 7.5 ತಿಂಗಳು. ಮಧ್ಯದ ಲೆಕ್ಕ ಅಂದರೆ ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಅದಕ್ಕಿಂತ ಜಾಸ್ತಿ. ಎರಡೂ ಸತ್ಯವೇ. ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡು ನಿರ್ಧಾರ ಮಾಡಬಾರದು ಅಷ್ಟೇ.

ಆದರೆ ಎರಡೂವರೆ ತಿಂಗಳಿಗೆ ಇಷ್ಟು ದುಡ್ಡಾ ಅಂತ ಅಲ್ಲಿಗೇ ಮುಗಿಸುವುದೂ ತಪ್ಪಾಗುತ್ತದೆ. ಒಂದು ವರ್ಷಕ್ಕೆ ನೂರರಲ್ಲಿ 36 ಜನ ಬದುಕಿದ್ದರು, ಹಳೆಯ ಔಷಧಿಯಲ್ಲಿ ಸುಮಾರು 17. ಎರಡು ವರ್ಷಕ್ಕೆ ಸುಮಾರು 17, ಇನ್ನೊಂದು ಕಡೆ 6. ಅಂದರೆ ಹೆಚ್ಚಿನವರಿಗೆ ಅಷ್ಟೇನೂ ಸಿಗುವುದಿಲ್ಲ, ಕೆಲವರಿಗೆ ಬಹಳ ಸಿಗುತ್ತದೆ. ಗಂಟು ಎದ್ದು ಕಾಣುವಷ್ಟು ಕುಗ್ಗಿದ್ದು ನೂರರಲ್ಲಿ 13 ಜನರಿಗೆ. ನಿಮ್ಮ ಅಪ್ಪ ಯಾವ ಗುಂಪಿಗೆ ಸೇರುತ್ತಾರೆ ಅಂತ ಶುರು ಮಾಡುವ ಮೊದಲೇ ಯಾರೂ ಹೇಳಲಾರರು. ಪಿಡಿ-ಎಲ್1 ಅಂತ ಒಂದು ಪರೀಕ್ಷೆ ಇದೆ, ಹಳೆಯ ಆಪರೇಷನ್‌ನ ತುಂಡಿನಲ್ಲೇ ಮಾಡುತ್ತಾರೆ, ಅದರಿಂದ ಸ್ವಲ್ಪ ಅಂದಾಜು ಸಿಗುತ್ತದೆ, ಗ್ಯಾರಂಟಿ ಅಲ್ಲ. ಇನ್ನೊಂದು ಒಳ್ಳೆಯ ಮಾತನ್ನೂ ಹೇಳಬೇಕು. ಜೋರಾದ ಅಡ್ಡಪರಿಣಾಮ ನಿವೊಲುಮ್ಯಾಬ್‌ನಲ್ಲಿ ನೂರಕ್ಕೆ 13 ಜನರಿಗೆ ಆಯಿತು, ಹಳೆಯ ಔಷಧಿಗಳಲ್ಲಿ 35 ಜನರಿಗೆ. ವಯಸ್ಸಾದವರಿಗೆ ಇದು ಸಣ್ಣ ವಿಷಯ ಅಲ್ಲ.

ದುಡ್ಡಿನ ಲೆಕ್ಕ ನೀವೇ ಹಾಕಿದ್ದೀರಿ. ದಿನದ ಲೆಕ್ಕವನ್ನೂ ಹಾಕಿ, ಇದನ್ನು ನಮ್ಮ ಕಡೆ ಯಾರೂ ಹಾಕುವುದಿಲ್ಲ. ಶಿರಸಿಯಿಂದ ಮಂಗಳೂರಿಗೆ ಅಂದರೆ ಘಟ್ಟ ಇಳಿದು, ಹೆದ್ದಾರಿ ಹಿಡಿದು ಹೋಗಬೇಕು. ಹೋಗುವ ದಿನ ಒಂದು, ಡ್ರಿಪ್ ಹಾಕಿಸಿಕೊಂಡು ಬರುವ ದಿನ ಒಂದು, ಅದಕ್ಕೂ ಮೊದಲು ರಕ್ತ ಪರೀಕ್ಷೆಗೆ ಪೇಟೆಗೆ ಹೋಗುವ ದಿನ ಇನ್ನೊಂದು. ಹದಿನಾಲ್ಕು ದಿನದಲ್ಲಿ ಮೂರು ದಿನ ಹೋಯಿತು. ಸುಸ್ತಾಗಿ ಮಲಗಿದ ದಿನ ಬೇರೆ. ಎರಡೂವರೆ ತಿಂಗಳು ಜಾಸ್ತಿ ಸಿಕ್ಕರೂ ಅದರಲ್ಲಿ ಎಷ್ಟು ದಿನ ಮನೆಯ ಜಗುಲಿಯಲ್ಲಿ, ಎಷ್ಟು ದಿನ ಕಾರಿನ ಹಿಂದಿನ ಸೀಟಿನಲ್ಲಿ ಅಂತ ನೋಡಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ವರ್ಷಗಟ್ಟಲೆಯಿಂದ ಕೇಳುತ್ತಲೇ ಇದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಬಡಿದು ನಾಲ್ಕು ಜನ ತೀರಿಕೊಂಡರು. ದೂರ ಅನ್ನುವುದು ನಮಗೆ ಟ್ರೀಟ್‌ಮೆಂಟಿನ ಒಂದು ಭಾಗವೇ ಆಗಿಬಿಟ್ಟಿದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದ ಚೀಟಿ ನಮ್ಮವರಿಗೆ ಅರ್ಧ ಚೀಟಿ.

ಇನ್ನು ನಿಮ್ಮ ಡಾಕ್ಟರ್ ಹೇಳಿರದ, ಅಥವಾ ಹೇಳಿದ್ದರೂ ಗಡಿಬಿಡಿಯಲ್ಲಿ ನಿಮಗೆ ಕೇಳಿಸಿರದ ಒಂದು ದಾರಿ ಇದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ನಮ್ಮ ದೇಶದ ರೋಗಿಗಳನ್ನೇ ಇಟ್ಟುಕೊಂಡು, ನಮ್ಮ ದೇಶದ ಜೇಬನ್ನೂ ನೋಡಿಕೊಂಡು ಮಾಡಿದ ಕೆಲಸ ಇದು. ಮೊದಲು ಅವರು ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್ ಅನ್ನುವ ಎರಡು ಅಗ್ಗದ ಗುಳಿಗೆಗಳನ್ನು ಸಿಸ್‌ಪ್ಲಾಟಿನ್ ಇಂಜೆಕ್ಷನ್ ಎದುರು ಇಟ್ಟು ನೋಡಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಗುಳಿಗೆಯವರು ಮಧ್ಯದ ಲೆಕ್ಕದಲ್ಲಿ 7.5 ತಿಂಗಳು, ಇಂಜೆಕ್ಷನ್ನಿನವರು 6.1 ತಿಂಗಳು. ಮನೆಯಲ್ಲೇ ಕೂತು ನುಂಗುವ ಗುಳಿಗೆ ಗೆದ್ದಿತು. ಆಮೇಲೆ ಆ ಎರಡಕ್ಕೆ ಎರ್ಲೊಟಿನಿಬ್ ಅನ್ನುವ ಮೂರನೆಯ ಗುಳಿಗೆ ಸೇರಿಸಿ, ಅದರ ಜೊತೆ ನಿವೊಲುಮ್ಯಾಬ್‌ನ ಬಹಳ ಸಣ್ಣ ಡೋಸ್ ಕೊಟ್ಟು ನೋಡಿದರು. ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ. ಆ ಅಧ್ಯಯನದಲ್ಲಿ 151 ರೋಗಿಗಳಿದ್ದರು. ಬರೀ ಗುಳಿಗೆ ತೆಗೆದುಕೊಂಡವರಲ್ಲಿ ಒಂದು ವರ್ಷಕ್ಕೆ ನೂರಕ್ಕೆ 16 ಜನ ಉಳಿದಿದ್ದರು, ಸಣ್ಣ ಡೋಸ್ ಸೇರಿಸಿದವರಲ್ಲಿ 43 ಜನ.

20 ಮಿಲಿಗ್ರಾಂ ಎಷ್ಟು ಕಡಿಮೆ ಅಂತ ನೋಡಿ. ಪೂರ್ತಿ ಡೋಸ್ ಅಂದರೆ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240. ಆರು ವಾರಕ್ಕೆ 720 ಮಿಲಿಗ್ರಾಂ ಆಯಿತು. ಸಣ್ಣ ಡೋಸಿನಲ್ಲಿ ಅದೇ ಆರು ವಾರಕ್ಕೆ 40. ಹದಿನೆಂಟರಲ್ಲಿ ಒಂದು ಭಾಗ! 40 ಮಿಲಿಗ್ರಾಮಿನ ಒಂದು ಬಾಟಲಿ ಇಬ್ಬರಿಗೆ ಆಗುತ್ತದೆ. ಅದಕ್ಕೇ ಕೆಲವು ಆಸ್ಪತ್ರೆಗಳು ಇಂಥ ಇಬ್ಬರು ರೋಗಿಗಳನ್ನು ಒಂದೇ ದಿನ ಕರೆಸಿ ಬಾಟಲಿ ಹಂಚುತ್ತವೆ. ಹಾಗಾದರೆ ಖರ್ಚು ಇನ್ನೂ ಅರ್ಧ. ಸಣ್ಣ ಡೋಸಿನ ಬಗ್ಗೆ ಒಂದು ಎಚ್ಚರಿಕೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆ ಅಧ್ಯಯನದಲ್ಲಿ ಸಣ್ಣ ಡೋಸನ್ನು ಪೂರ್ತಿ ಡೋಸಿನ ಎದುರು ಇಟ್ಟು ನೋಡಿಲ್ಲ, ಬರೀ ಗುಳಿಗೆಯ ಎದುರು ನೋಡಿದ್ದಾರೆ. ಆದ್ದರಿಂದ ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಪೂರ್ತಿ ಡೋಸ್ ಇಲ್ಲ ಅಂದರೆ ಏನೂ ಇಲ್ಲ ಅಂತ ನಿಮ್ಮ ತಮ್ಮ ತಿಳಿದುಕೊಂಡಿದ್ದರೆ ಅದು ಖಂಡಿತ ಸರಿಯಲ್ಲ.

ಇಲ್ಲಿ ನಿಮ್ಮ ಅಪ್ಪನ ಕ್ರಿಯಾಟಿನಿನ್ ಅಡ್ಡ ಬರುತ್ತದೆ, ನಾನು ನಿಮ್ಮ ಪತ್ರದಲ್ಲಿ ಜಾಸ್ತಿ ಹೊತ್ತು ನೋಡಿದ್ದು ಇದನ್ನೇ. 67 ವರ್ಷದ ಗಂಡಸಿಗೆ 1.7 ಅಂದರೆ ಕಿಡ್ನಿ ರಕ್ತ ಸೋಸುವ ವೇಗ ನಿಮಿಷಕ್ಕೆ ಸುಮಾರು 44 ಮಿಲಿಲೀಟರಿಗೆ ಇಳಿದಿದೆ ಅಂತ ಸೂತ್ರ ಹೇಳುತ್ತದೆ. ಕಾಯಿಲೆಯಿಂದ ಮೈ ಇಳಿದುಹೋದವರಲ್ಲಿ ನಿಜವಾದ ವೇಗ ಅದಕ್ಕಿಂತಲೂ ಕಡಿಮೆ ಇರುತ್ತದೆ. ನಿವೊಲುಮ್ಯಾಬ್‌ಗೆ ಇದು ದೊಡ್ಡ ಅಡ್ಡಿ ಅಲ್ಲ. ಆದರೆ ಮೆಥೊಟ್ರೆಕ್ಸೇಟ್ ಮೈಯಿಂದ ಹೊರಹೋಗುವುದೇ ಕಿಡ್ನಿಯಿಂದ. ಹೋಗದಿದ್ದರೆ ಒಳಗೇ ಸೇರಿಕೊಂಡು ಬಾಯೆಲ್ಲ ಹುಣ್ಣಾಗುತ್ತದೆ, ರಕ್ತದ ಕಣ ಇಳಿಯುತ್ತದೆ. ಸೆಲೆಕಾಕ್ಸಿಬ್ ಕಿಡ್ನಿಗೇ ಇನ್ನಷ್ಟು ಪೆಟ್ಟು ಕೊಡುತ್ತದೆ. ಅಂದರೆ ಅಗ್ಗದ ದಾರಿ ನಿಮ್ಮ ಅಪ್ಪನಿಗೆ ತಾನಾಗಿಯೇ ಸುಲಭದ ದಾರಿ ಅಲ್ಲ. ಡೋಸ್ ಇಳಿಸಬೇಕಾ, ಒಂದು ಗುಳಿಗೆ ಬಿಡಬೇಕಾ ಅಂತ ಡಾಕ್ಟರೇ ಕೂತು ನಿರ್ಧರಿಸಬೇಕು.

ಆದರೆ ಆ 1.7 ಯಾಕೆ ಬಂತು? ಸಕ್ಕರೆ, ಬಿಪಿ, ಸಿಸ್‌ಪ್ಲಾಟಿನ್ ಮೂರೂ ಕಾರಣ ಇರಬಹುದು. ಇನ್ನೊಂದು ಕಾರಣವನ್ನು ಮನೆಯಲ್ಲಿ ಹುಡುಕಿ. ನೋವಿಗೆ ಅಪ್ಪ ಏನು ನುಂಗುತ್ತಿದ್ದಾರೆ ಅಂತ ನೀವು ಬರೆದಿಲ್ಲ. ಮೆಡಿಕಲ್ ಶಾಪಿನಿಂದ ತಂದ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಇದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಬಾಯಿ ನೋವಿದ್ದವರು ನೀರೂ ಕಡಿಮೆ ಕುಡಿಯುತ್ತಾರೆ. ಆ ನೋವಿನ ಗುಳಿಗೆ ನಿಲ್ಲಿಸಿ, ಗಂಜಿ ತಿಳಿ, ಮಜ್ಜಿಗೆ, ನೀರು ಸರಿಯಾಗಿ ಹೋಗುವ ಹಾಗೆ ನೋಡಿಕೊಂಡು ಒಂದು ವಾರ ಬಿಟ್ಟು ಕ್ರಿಯಾಟಿನಿನ್ ಮತ್ತೆ ನೋಡಿಸಿ. ಇಳಿದರೂ ಇಳಿಯಬಹುದು, ಇಳಿದರೆ ಮುಚ್ಚಿಹೋಗಿದ್ದ ದಾರಿ ತೆರೆಯುತ್ತದೆ. ಶಿರಸಿಯಲ್ಲೇ ಆಗುವ ಪರೀಕ್ಷೆ, ಇನ್ನೂರು ಮುನ್ನೂರು ರೂಪಾಯಿ ಕೆಲಸ. ಎರಡು ಲಕ್ಷದ ನಿರ್ಧಾರಕ್ಕಿಂತ ಮೊದಲು ಆಗಬೇಕಾದದ್ದು ಇದು.

ಮೆಥೊಟ್ರೆಕ್ಸೇಟ್ ಶುರುವಾದರೆ ಒಂದು ಮಾತು ನೆನಪಿಡಿ. ಅದು ವಾರಕ್ಕೊಮ್ಮೆ ನುಂಗುವ ಗುಳಿಗೆ. ದಿನಾ ನುಂಗಿದರೆ ಜೀವಕ್ಕೇ ಅಪಾಯ, ಹಾಗೆ ಆಗಿ ತೀರಿಕೊಂಡವರಿದ್ದಾರೆ. ಬಿಪಿ ಗುಳಿಗೆ, ಸಕ್ಕರೆ ಗುಳಿಗೆ ಇಡುವ ಡಬ್ಬಿಯಲ್ಲಿ ಇದನ್ನು ಇಡಲೇಬೇಡಿ. ಬೇರೆ ಡಬ್ಬಿ ಮಾಡಿ, ಮೇಲೆ ದಪ್ಪ ಅಕ್ಷರದಲ್ಲಿ 'ಸೋಮವಾರ ಮಾತ್ರ' ಅಂತ ಬರೆದು ಅಂಟಿಸಿ. ಕೊಡುವವರು ಮನೆಯಲ್ಲಿ ಒಬ್ಬರೇ ಇರಲಿ.

ತಮ್ಮನಿಗೆ ಏನೇ ಆದರೂ ಪೂರ್ತಿ ಡೋಸೇ ಬೇಕು ಅನ್ನಿಸಿದರೆ, ಅಪ್ಪನೂ ಒಪ್ಪಿದರೆ, ಆಗಲೂ ತೋಟ ಮಾರುವ ಕೆಲಸ ಇಲ್ಲ. ಎಂಟು ಒಂಬತ್ತು ವಾರ ಕೊಟ್ಟು ಸ್ಕ್ಯಾನ್ ಮಾಡುವುದು, ಗಂಟು ಕುಗ್ಗಿದ್ದರೆ ಅಥವಾ ನಿಂತಿದ್ದರೆ ಮುಂದುವರಿಸುವುದು, ಬೆಳೆದಿದ್ದರೆ ಅಲ್ಲಿಗೆ ನಿಲ್ಲಿಸುವುದು ಅಂತ ಡಾಕ್ಟರ ಎದುರೇ ಮೊದಲೇ ಮಾತಾಡಿಕೊಳ್ಳಿ. ಎಷ್ಟು ದುಡ್ಡಿನವರೆಗೆ ಅಂತಲೂ ಅವತ್ತೇ ಅಕ್ಕ ತಮ್ಮ ಕೂತು ತೀರ್ಮಾನ ಮಾಡಿ. ಮೊದಲೇ ಮಾತಾಡದಿದ್ದರೆ ನಿಲ್ಲಿಸುವ ದಿನ ಯಾರಿಗೂ ಬಾಯಿ ಬರುವುದಿಲ್ಲ. ಇನ್ನೊಂದು ಡ್ರಿಪ್, ಇನ್ನೊಂದು ಡ್ರಿಪ್ ಅಂತ ಹೋಗಿ, ಸಾಲ ಬೆಳೆದು, ಕೊನೆಗೆ ತಾಯಿಯೊಬ್ಬರು ಬ್ಯಾಂಕಿನ ನೋಟಿಸ್ ಹಿಡಿದುಕೊಂಡು ಕೂತ ಮನೆಗಳು ನಮ್ಮ ಕಡೆ ಕಡಿಮೆ ಇಲ್ಲ. ಆಯಿಯ ಬದುಕೂ ಈ ಲೆಕ್ಕದೊಳಗೇ ಬರುತ್ತದೆ. ಅದನ್ನು ಹೇಳುವುದಕ್ಕೆ ನಾಚಿಕೆ ಪಡಬೇಡಿ. ನಿಮ್ಮ ಅಪ್ಪ ಅಷ್ಟು ವರ್ಷ ಆ ತೋಟದಲ್ಲಿ ಕೆಲಸ ಮಾಡಿದ್ದು ಯಾರಿಗಾಗಿ?

ಇದನ್ನು ಅಪ್ಪನ ಹತ್ತಿರವೇ ಕೇಳಬಹುದಿತ್ತು. ನೀವು ಬರೆದದ್ದರಲ್ಲಿ ನನಗೆ ತೀರಾ ಬೇಸರವಾದದ್ದು ಇಲ್ಲೇ. ತಮ್ಮನ ಅಭಿಪ್ರಾಯ ಇದೆ, ದೊಡ್ಡಪ್ಪನದ್ದಿದೆ, ಆಸ್ಪತ್ರೆಯದ್ದಿದೆ. ಕಾಯಿಲೆ ಯಾರ ಮೈಯಲ್ಲಿದೆಯೋ ಅವರದ್ದು ಮಾತ್ರ ಇಲ್ಲ. ನೀವು ಪ್ರೀತಿಯಿಂದಲೇ ಮುಚ್ಚಿಟ್ಟಿದ್ದೀರಿ, ಗೊತ್ತು. ಆದರೆ ಒಮ್ಮೆ ಆಪರೇಷನ್ ಆದ ಮನುಷ್ಯ, ಅದೇ ಬದಿಯ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿರುವಾಗ, ಮಕ್ಕಳು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಮಾತಾಡುತ್ತಿರುವಾಗ, ಇದು ಇನ್ಫೆಕ್ಷನ್ ಅಂತ ನಂಬಿರುತ್ತಾರಾ? ಹೆಚ್ಚಿನವರಿಗೆ ಗೊತ್ತಿರುತ್ತದೆ. ಮಕ್ಕಳಿಗೆ ಬೇಜಾರಾಗದಿರಲಿ ಅಂತ ಅವರೂ ಸುಮ್ನೆ ಇರುತ್ತಾರೆ. ಹೀಗೆ ಇಬ್ಬರೂ ಸುಮ್ಮನಿದ್ದು, ಮಾತಾಡಬಹುದಾದ ದಿನಗಳೆಲ್ಲ ಕಳೆದುಹೋಗುತ್ತವೆ.

ಎಲ್ಲವನ್ನೂ ಒಂದೇ ಉಸಿರಿಗೆ ಹೇಳಬೇಕು ಅಂತಲ್ಲ. ತಿಂಗಳಿನ ಲೆಕ್ಕವನ್ನಂತೂ ಅವರು ಕೇಳದೆ ಹೇಳಬೇಡಿ. ಜನ ಇಲ್ಲದ ಹೊತ್ತು ನೋಡಿ, ಬೆಳಿಗ್ಗೆ ತೋಟದಿಂದ ಬಂದು ಕೂತಾಗ, 'ಅಪ್ಪ, ಈ ಗಂಟಿನ ಬಗ್ಗೆ ನಿನಗೆ ಎಂತ ಅನ್ನಿಸ್ತದೆ?' ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗಿ. ಅವರು ಏನಾದರೂ ಹೇಳುತ್ತಾರೆ. 'ಮತ್ತೆ ಅದೇ ಬಂತೇನೋ' ಅಂದರೆ ಅಲ್ಲ ಅನ್ನಬೇಡಿ. 'ಹೌದು ಅಪ್ಪ, ಡಾಕ್ಟರ್ ಹಾಗೇ ಅಂದರು' ಅಂತ ಹೇಳಿ ಪಕ್ಕದಲ್ಲೇ ಕೂತಿರಿ. 'ನೀವೇ ನೋಡಿಕೊಳ್ಳಿ, ನನಗೆ ಏನೂ ಹೇಳಬೇಡಿ' ಅಂದರೆ ಅದೂ ಅವರ ನಿರ್ಧಾರವೇ, ಅದನ್ನು ಗೌರವಿಸಿ. ಆಮೇಲಿನ ಪ್ರಶ್ನೆಗಳು ತಾವಾಗಿ ಬರುತ್ತವೆ. ಯಾವುದಕ್ಕೆ ಹೆದರಿಕೆ ಜಾಸ್ತಿ, ನೋವಿಗಾ, ಆಸ್ಪತ್ರೆಗಾ? ಏನನ್ನು ಕಳೆದುಕೊಂಡರೆ ಬದುಕು ಬೇಡ ಅನ್ನಿಸುತ್ತದೆ? ಒಬ್ಬರಿಗೆ ಈ ಸಲದ ಅಡಿಕೆ ಕೊನೆಕೊಯ್ಲು ಮುಗಿಯುವವರೆಗೆ ಓಡಾಡಿಕೊಂಡಿರಬೇಕು, ಅದಕ್ಕೆ ಎಷ್ಟು ಕಷ್ಟವಾದರೂ ಸರಿ. ಇನ್ನೊಬ್ಬರಿಗೆ ಮಂಗಳೂರಿನ ಲಾಡ್ಜಿನಲ್ಲಿ ಒಂದು ರಾತ್ರಿಯೂ ಬೇಡ. ಇಬ್ಬರಿಗೂ ಗಂಟು ಅದೇ, ಸ್ಕ್ಯಾನ್ ಅದೇ, ಸರಿಯಾದ ಟ್ರೀಟ್‌ಮೆಂಟ್ ಮಾತ್ರ ಬೇರೆ ಬೇರೆ. ಇದನ್ನು ಯಾವ ಡಾಕ್ಟರೂ ರಿಪೋರ್ಟ್ ನೋಡಿ ಹೇಳಲಾಗುವುದಿಲ್ಲ. ಐಸಿಯು, ವೆಂಟಿಲೇಟರ್ ಬೇಕಾ ಬೇಡವಾ ಅನ್ನುವ ಮಾತೂ ಇದೇ ಹೊತ್ತಿನಲ್ಲಿ ಆಗಿಬಿಟ್ಟರೆ ಒಳ್ಳೆಯದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ 2023ರಲ್ಲಿ ಸರಳ ಮಾಡಿದ ಮುಂಗಡ ಸೂಚನೆಯ ಪತ್ರವನ್ನು, ಅಂದರೆ ಮುಂದೆ ಮಾತಾಡಲಾಗದಿದ್ದರೆ ಯಾವ ಟ್ರೀಟ್‌ಮೆಂಟ್ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಪತ್ರವನ್ನು, ಇಬ್ಬರು ಸಾಕ್ಷಿಗಳ ಎದುರು ಬರೆದು ನೋಟರಿ ಮಾಡಿಸಬಹುದು, ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಇದಕ್ಕೆ ಸುತ್ತೋಲೆ ಹೊರಡಿಸಿದೆ.

ಯಾವ ದಾರಿ ಹಿಡಿದರೂ ಉಪಶಮನದ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ಮೊದಲ ದಿನದಿಂದಲೇ ಬೇಕು. ಅದು ಕೈಬಿಟ್ಟವರಿಗೆ ಕೊಡುವುದು ಅಂತ ನಮ್ಮಲ್ಲಿ ಒಂದು ಭಾವನೆ ಇದೆ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ 151 ರೋಗಿಗಳ ಅಧ್ಯಯನ 2010ರಲ್ಲಿ ಬಂತು. ಮೊದಲಿನಿಂದಲೇ ಈ ಆರೈಕೆ ಸಿಕ್ಕವರು ಚೆನ್ನಾಗಿದ್ದರು ಮಾತ್ರವಲ್ಲ, ಕೊನೆಯಲ್ಲಿ ಕೀಮೋ ಕಡಿಮೆ ತೆಗೆದುಕೊಂಡೂ ಜಾಸ್ತಿ ದಿನ ಬದುಕಿದರು. 8.9 ತಿಂಗಳಿನ ಬದಲು 11.6. ಯಾವ ದುಬಾರಿ ಔಷಧಿಗೂ ಕಡಿಮೆ ಇಲ್ಲದ ಫಲ ಇದು.

ಬಾಯಿಯ ಕ್ಯಾನ್ಸರಿನಲ್ಲಿ ಈ ಆರೈಕೆ ಅಂದರೆ ಬಹಳ ಸಣ್ಣ ಸಣ್ಣ ಕೆಲಸ. ನೋವಿಗೆ ಮಾರ್ಫಿನ್ ಗುಳಿಗೆ, ಬೆಲೆ ಬಹಳ ಕಡಿಮೆ, ಆದರೆ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಅನುಮತಿ ಇರುವ ಆಸ್ಪತ್ರೆಯಲ್ಲೇ ತೆಗೆದುಕೊಳ್ಳಬೇಕು. ಚಟವಾಗುತ್ತದೆ ಅಂತ ಹೆದರಬೇಡಿ, ನೋವಿಗೆ ತಕ್ಕಷ್ಟು ಡಾಕ್ಟರ ಲೆಕ್ಕದಲ್ಲಿ ಕೊಟ್ಟರೆ ಹಾಗಾಗುವುದು ಅಪರೂಪ. ಮಲಬದ್ಧತೆ ಮಾತ್ರ ಆಗಿಯೇ ಆಗುತ್ತದೆ, ಅದಕ್ಕೂ ಔಷಧಿ ಜೊತೆಗೇ ಕೇಳಿ. ಕಿಡ್ನಿ ಸೋತಿರುವುದರಿಂದ ಸಣ್ಣ ಡೋಸಿನಿಂದ, ಹೆಚ್ಚು ಅಂತರ ಬಿಟ್ಟು ಶುರು ಮಾಡಬೇಕು, ಇಲ್ಲವೇ ಫೆಂಟನಿಲ್ ಅನ್ನುವ ನೋವಿನ ಔಷಧಿಯ ಪಟ್ಟಿಯನ್ನು ಚರ್ಮಕ್ಕೆ ಹಚ್ಚಬಹುದು, ಕ್ರಿಯಾಟಿನಿನ್ ಎಷ್ಟು ಅಂತ ನೀವೇ ನೆನಪಿಸಿ. ಮುಂದೆ ಗಂಟು ಒಡೆದು ವಾಸನೆ ಬಂದರೆ ಮೆಟ್ರೊನಿಡಜೋಲ್ ಗುಳಿಗೆಯನ್ನು ಪುಡಿ ಮಾಡಿ ಗಾಯದ ಮೇಲೆ ಉದುರಿಸಿ ಪಟ್ಟಿ ಕಟ್ಟುತ್ತಾರೆ, ನರ್ಸ್ ಹತ್ತಿರ ಕಲಿತುಕೊಳ್ಳಿ, ವಾಸನೆ ಬಹಳ ಮಟ್ಟಿಗೆ ಹೋಗುತ್ತದೆ. ಮೊಮ್ಮಕ್ಕಳು ಹತ್ತಿರ ಬಂದು ಕೂರುವುದಕ್ಕೂ ಬಾಗಿಲಲ್ಲೇ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಎಷ್ಟೋ ಸಲ ಈ ಕೆಲವೇ ರೂಪಾಯಿಯ ಗುಳಿಗೆ.

ಎಲ್ಲಿಗೆ ಹೋಗುವುದು ಅನ್ನುವುದಕ್ಕೆ. ಶಿರಸಿಯವರಿಗೆ ಹುಬ್ಬಳ್ಳಿ ಹತ್ತಿರ, ಅಲ್ಲಿ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಥೆರಪಿ ಮತ್ತು ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ. ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಇದೆ, ತಮ್ಮ ಅಲ್ಲೇ ಇರುವುದರಿಂದ ರಿಪೋರ್ಟ್ ಹಿಡಿದುಕೊಂಡು ಅಪ್ಪನಿಲ್ಲದೆ ಒಮ್ಮೆ ಹೋಗಿ ಕೇಳಿ ಬರಬಹುದು. 'ಸಣ್ಣ ಡೋಸ್ ಕೊಡುತ್ತೀರಾ, ಬಾಟಲಿ ಹಂಚುತ್ತೀರಾ' ಅಂತ ನೇರವಾಗಿ ಕೇಳಲಿ. ರೇಷನ್ ಕಾರ್ಡ್ ಬಿಪಿಎಲ್ ಆಗಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಅದಕ್ಕೆ ಶಿರಸಿಯ ಪಂಡಿತ್ ಸಾರ್ವಜನಿಕ ಆಸ್ಪತ್ರೆಯಿಂದ ರೆಫರಲ್ ಪತ್ರ ಮಾಡಿಸಿಕೊಂಡೇ ಹೊರಡಿ, ಯಾವ ಔಷಧಿ ಯೋಜನೆಯಲ್ಲಿ ಬರುತ್ತದೆ ಅಂತ ಅಲ್ಲಿನ ಆರೋಗ್ಯಮಿತ್ರರನ್ನು, ಅಂದರೆ ಯೋಜನೆಯ ಸಹಾಯಕರನ್ನು, ಕೇಳಿ. ಔಷಧಿ ಹೊರಗೆ ಕೊಳ್ಳುವುದಾದರೆ ಒಂದೇ ಕಡೆ ಬೆಲೆ ಕೇಳಬೇಡಿ. ಎಂಆರ್‌ಪಿ ಒಂದಿದ್ದರೆ ನಿಜವಾಗಿ ಸಿಗುವ ಬೆಲೆ ಇನ್ನೊಂದಿರುತ್ತದೆ, ಕ್ಯಾನ್ಸರ್ ಔಷಧಿಗಳಲ್ಲಂತೂ ಈ ವ್ಯತ್ಯಾಸ ಬಹಳ. 2019ರಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಿಗಳಿಗೆ ವ್ಯಾಪಾರದ ಲಾಭ ಶೇ. 30ಕ್ಕಿಂತ ಜಾಸ್ತಿ ಇರಬಾರದು ಅಂತ ಮಿತಿ ಹಾಕಿದ್ದು ಇದೇ ಕಾರಣಕ್ಕೆ.

ದೊಡ್ಡಪ್ಪನ ನಾಟಿ ಔಷಧಿಗೆ ನನ್ನ ಉತ್ತರ ಬೇಡ ಅಂತಲೇ. ನಂಬಿಕೆಯ ಮೇಲೆ ಸಿಟ್ಟಿಲ್ಲ. ಆದರೆ ಕಷಾಯದಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಸೋತ ಕಿಡ್ನಿಗೆ ಕೊಡುವ ಹಾಗಿಲ್ಲ, ಮೆಥೊಟ್ರೆಕ್ಸೇಟ್ ಜೊತೆಗಂತೂ ಬೇಡವೇ ಬೇಡ. ಹಾಗೇ ಇನ್ನೊಂದು ಮಾತು, ಅಡಿಕೆ ಬೆಳೆಯುವ ಊರಿನವರಿಗೆ ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ತೀರ್ಮಾನಿಸಿದೆ. ದೊಡ್ಡಪ್ಪ, ತಮ್ಮ, ಆಯಿ ಯಾರು ಕವಳ (ಎಲೆ ಅಡಿಕೆ) ಹಾಕುತ್ತಿದ್ದರೂ ಒಮ್ಮೆ ಬಾಯಿ ತೋರಿಸಲಿ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇಷ್ಟನ್ನು ದಂತವೈದ್ಯರೂ ನೋಡಿ ಹೇಳುತ್ತಾರೆ.

ಕೊನೆಗೆ ಸಕ್ಕರೆ ಮತ್ತು ಬಿಪಿ ಗುಳಿಗೆ. ನೀವು ಕೇಳಿಲ್ಲ, ಆದರೆ ಇಲ್ಲಿ ಎಷ್ಟೋ ಮನೆಗಳಲ್ಲಿ ತೊಂದರೆ ಆಗುತ್ತದೆ. ಸಕ್ಕರೆಯನ್ನು ಬಿಗಿಯಾಗಿ ಹಿಡಿಯುವುದು ಹತ್ತಿಪ್ಪತ್ತು ವರ್ಷ ಆಚೆಗಿನ ಕಣ್ಣು, ಕಿಡ್ನಿ, ಹೃದಯಕ್ಕಾಗಿ. ಈಗಿನ ಸ್ಥಿತಿಯಲ್ಲಿ ಅಷ್ಟು ಬಿಗಿ ಬೇಡ, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 8ರ ಆಸುಪಾಸು ಇದ್ದರೂ ನಡೆಯುತ್ತದೆ. ಹೆದರಬೇಕಾದದ್ದು ಸಕ್ಕರೆ ಇಳಿಯುವುದಕ್ಕೆ. ಊಟ ಅರ್ಧವಾಗಿದೆ, ಕಿಡ್ನಿ ಸೋತಿದೆ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ಮಾತ್ರ ಮೊದಲಿನಷ್ಟೇ ಹೋಗುತ್ತಿದೆ ಅಂದರೆ ನಡುರಾತ್ರಿ ಬೆವರಿ ಎಚ್ಚರ ತಪ್ಪುತ್ತದೆ. ಮೆಟ್‌ಫಾರ್ಮಿನ್ ಡೋಸನ್ನೂ ಈ ಕಿಡ್ನಿಗೆ ತಕ್ಕಂತೆ ಇಳಿಸಬೇಕಾಗುತ್ತದೆ. ತೂಕ ಇಳಿದವರಿಗೆ ಹಳೆಯ ಬಿಪಿ ಗುಳಿಗೆ ಜಾಸ್ತಿಯಾಗಿ ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬೀಳುತ್ತಾರೆ. ಕೊಲೆಸ್ಟ್ರಾಲಿಗೆ ಸ್ಟ್ಯಾಟಿನ್ ಇದ್ದರೆ ಅದರ ಬಗ್ಗೆಯೂ ಕೇಳಿ. ಹೆಚ್ಚು ದಿನದ ಆಯುಸ್ಸು ಇಲ್ಲದ 381 ಜನರಲ್ಲಿ ಸ್ಟ್ಯಾಟಿನ್ ನಿಲ್ಲಿಸಿ ನೋಡಿದ ಅಧ್ಯಯನ 2015ರಲ್ಲಿ ಬಂದಿದೆ. ನಿಲ್ಲಿಸಿದ್ದರಿಂದ ಸಾವು ಹೆಚ್ಚಾಗಲಿಲ್ಲ, ನಿಲ್ಲಿಸಿದವರೇ ಹೆಚ್ಚು ಹಗುರಾಗಿದ್ದರು. ಇವನ್ನೆಲ್ಲ ನೀವೇ ನಿಲ್ಲಿಸಬೇಡಿ, ಇದಕ್ಕಾಗಿ ಮಂಗಳೂರಿಗೂ ಹೋಗಬೇಡಿ, ಅಪ್ಪನನ್ನು ಇಷ್ಟು ವರ್ಷ ನೋಡಿದ ಶಿರಸಿಯ ಡಾಕ್ಟರ ಹತ್ತಿರವೇ ಗುಳಿಗೆಯ ಚೀಲ ಪೂರ್ತಿ ತೆಗೆದುಕೊಂಡು ಹೋಗಿ, ಒಂದೊಂದನ್ನೂ ಮೇಜಿನ ಮೇಲಿಟ್ಟು 'ಇದು ಈಗಲೂ ಬೇಕಾ' ಅಂತ ಕೇಳಿ. ಕ್ರಿಯಾಟಿನಿನ್ ಪರೀಕ್ಷೆಯನ್ನು ಅವತ್ತೇ ಬರೆಸಿಕೊಳ್ಳಿ. ರಿಪೋರ್ಟ್ ಬಂದ ಮೇಲೆ, ಮತ್ತು ಅಪ್ಪ ಏನಂದರು ಅಂತ ಗೊತ್ತಾದ ಮೇಲೆ, ಮತ್ತೆ ಬರೆಯಿರಿ. ಡೋಸಿನ ವಿಷಯ ಆಗ ಮುಂದುವರಿಸೋಣ.